ಅರ್ಧ ಕಪ್ಪು ಚೌಕ

ನಮ್ಮ ಮನೆಯಲ್ಲಿ ಕಲೆ ಅಂದರೆ ಯಾರದೋ ತಪ್ಪು. ತಾನಾಗಿ ಬಂದ ಕಲೆ ಅಂತ ಒಂದಿಲ್ಲ. ಅಜ್ಜನ ಕಾಲದಿಂದ ಬೇರೆಯವರ ಬಟ್ಟೆ ಒಗೆದು ಹೊಟ್ಟೆ ಹೊರೆದ ಮನೆ ನಮ್ಮದು. ಗಿರಾಕಿಯ ಅಂಗಿಯ ಮೇಲೆ ಒಂದು ಚುಕ್ಕೆ ಉಳಿದರೂ ನೆನೆಸಿದವರ ತಪ್ಪೋ, ಉಜ್ಜಿದವರ ತಪ್ಪೋ, ಒಣಗಹಾಕಿದವರ ತಪ್ಪೋ ಎಂದು ತೀರ್ಮಾನವಾಗುವ ತನಕ ಯಾರಿಗೂ ನೆಮ್ಮದಿಯ ಊಟವಿಲ್ಲ. ತೀರ್ಪು ಕೊಡುವವಳು ನಮ್ಮಮ್ಮ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, ಕಣ್ಣು ಕಿರಿದು ಮಾಡಿ ಹೆಸರು ಹೇಳಿಬಿಡುತ್ತಾಳೆ. ಅದರ ಮೇಲೆ ಇನ್ನೊಂದು ಮಾತಿಲ್ಲ.

ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡಿಗೆಮನೆ, ಅದರಾಚೆ ತೊಟ್ಟಿ, ಯಂತ್ರ, ಹಗ್ಗ ಕಟ್ಟಿದ ಅಂಗಳ. ಯಂತ್ರ ಮತ್ತು ತಳ್ಳುಗಾಡಿ ಅಣ್ಣನ ಪಾಲು. ಇಸ್ತ್ರಿ ಅತ್ತಿಗೆಯ ಪಾಲು. ಕಿತ್ತುಹೋದ ಗುಂಡಿ, ಹರಿದ ಜೇಬು, ಬಿಚ್ಚಿದ ಅಂಚು ನನ್ನ ಪಾಲು. ಗಂಡನ ಮನೆ ನನಗೆ ಒಗ್ಗಲಿಲ್ಲ, ನಾನೂ ಅವರಿಗೆ ಒಗ್ಗಲಿಲ್ಲ. ಸೂಜಿ ದಾರ ಎತ್ತಿಕೊಂಡು ವಾಪಸ್ ಬಂದೆ. ಅಣ್ಣನ ಮಗಳು ನನ್ನನ್ನು ಗುಂಡಿ ಅತ್ತೆ ಅನ್ನುತ್ತಾಳೆ. ನಾವು ಅವಳನ್ನು ಸಾಸಿವೆ ಅನ್ನುತ್ತೇವೆ. ನೋಡಲು ಇಷ್ಟೇ ಇಷ್ಟು, ಬಿಸಿ ತಾಗಿದರೆ ಸಿಡಿಯುತ್ತಾಳೆ.

ಬಿಳಿ ಬಟ್ಟೆ ಮಾತ್ರ ನಮ್ಮಮ್ಮನ ಸ್ವಂತ ಆಸ್ತಿ. ಅತ್ತಿಗೆ ಅದನ್ನು ನೆನೆಸುವಂತಿಲ್ಲ, ಹಿಂಡುವಂತಿಲ್ಲ. ಸಾಸಿವೆ ಕೂಸಾಗಿದ್ದಾಗ ಶುರುವಾದ ನಿಯಮ ಇದು. ಆಗ ಅತ್ತಿಗೆ ಕೂಸಿನ ಒದ್ದೆ ಬಟ್ಟೆಗಳನ್ನು ಸೋಡಾ ನೀರಿಗೆ ಹಾಕಿದರೆ ಸಾಕು, ಕಂದಾಗಿ, ಆಮೇಲೆ ಕಪ್ಪಾಗಿ ಮೇಲೇಳುತ್ತಿದ್ದವು. ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ. ನಮ್ಮಮ್ಮ ಬೆಳಕಿಗೆ ಹಿಡಿದು ನೋಡಿ, "ಇವಳ ಕೈ ಸರಿಯಿಲ್ಲ. ಬಿಳಿ ಇವಳ ಕೈಗೆ ಆಗಿಬರಲ್ಲ" ಅಂದಳು. ತಾನೇ ಒಗೆದಾಗಲೂ ಕಪ್ಪಾಯಿತಲ್ಲ ಅಂದರೆ, "ಇವಳು ಕೆಡಿಸಿಟ್ಟಿದ್ದನ್ನ ನಾನೇನ್ ಮಾಡ್ಲಿ?" ಅಂತ ನನ್ನ ಬಾಯಿ ಮುಚ್ಚಿಸಿದಳು. ಮನೆಯ ಮಾತು ಅಂಗಡಿಗೂ ಬಂತು. "ಹೆದರ್ಬೇಡಿ, ನಿಮ್ಮ ಬಿಳಿ ಬಟ್ಟೆ ನಮ್ಮ ಸೊಸೆ ಕೈಗೆ ಹೋಗಲ್ಲ" ಅಂತ ಗಿರಾಕಿಗಳಿಗೆ ಹೇಳುತ್ತಿದ್ದಳು. ಅವರು ನಗುತ್ತಿದ್ದರು. ಅತ್ತಿಗೆ ಮೇಜಿನ ಹಿಂದೆ ಇಸ್ತ್ರಿ ಒತ್ತುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮಗಳಿಗೆ ಬಿಳಿಯ ಒಳ ಉಡುಪನ್ನು ಅವಳು ಯಾವತ್ತೂ ತರಲಿಲ್ಲ. ಎಲ್ಲ ಕಡು ನೀಲಿ ಅಥವಾ ಕಪ್ಪು.

ಸಾಸಿವೆ ಒಂಬತ್ತನೇ ಕ್ಲಾಸಿಗೆ ಬಂದ ವರ್ಷ, ಶಾಲೆಯ ವಿಜ್ಞಾನ ಮೇಳಕ್ಕೆ ಟೀಚರ್ ಚೀಟಿ ಎತ್ತಿಸಿದರು. ಒಬ್ಬೊಬ್ಬರಿಗೆ ಒಂದೊಂದು ಅಪರೂಪದ ವಂಶವಾಹಿ ಕಾಯಿಲೆ. ಸಂಜೆ ಊಟಕ್ಕೆ ಕೂತಾಗ ಅವಳು ತಟ್ಟೆಯ ಪಕ್ಕ ಹಾಳೆ ಹರಡಿಕೊಂಡಳು.

"ಹೆಸರು ಹೇಳೋಕೇ ನಾಲಿಗೆ ತಿರುಗಲ್ಲ. ಆಲ್ಕಾಪ್ಟೊನೂರಿಯ. ಗೆಳತಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಬಂತು, ನಂಗೆ ನೋಡಿದ್ರೆ ಇದು. ಮೂತ್ರದ್ದು."

"ಊಟದ ಹೊತ್ತಲ್ಲಿ ಎಂಥಾ ಮಾತೇ ಇದು!" ಅಂದ ಅಣ್ಣ.

"ನಾನೇನ್ ಮಾಡ್ಲಿ ಅಪ್ಪಾ, ಚೀಟೀಲಿ ಬಂದಿದ್ದು. ಕೇಳು. 'ಕೂಸಿನ ಮೂತ್ರ ತಾಗಿದ ಬಟ್ಟೆಯನ್ನು ಸೋಪು ಅಥವಾ ಸೋಡಾ ನೀರಿಗೆ ಹಾಕಿದರೆ ಅದು ಕಂದು ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಮನೆಗಳಲ್ಲಿ ಮೊದಲು ಕಾಣುವ ಲಕ್ಷಣ ಇದೇ.'"

ಅತ್ತಿಗೆ ಬೇಳೆ ಬಡಿಸುತ್ತಿದ್ದಳು. ಸೌಟು ಅಣ್ಣನ ತಟ್ಟೆಯ ಮೇಲೆ ಹಾಗೇ ನಿಂತಿತು.

"ಇನ್ನೊಂದ್ಸಲ ಓದು" ಅಂದಳು.

ಸಾಸಿವೆ ಓದಿದಳು. ಸೌಟಿನಿಂದ ಬೇಳೆ ತೊಟ್ಟಿಕ್ಕಿ ಅಣ್ಣನ ತೊಡೆಯ ಮೇಲೆ ಬಿತ್ತು. ಅವನು ಹಾ ಅಂದ. ಅವಳಿಗೆ ಕೇಳಿಸಲೇ ಇಲ್ಲ. ನಮ್ಮಮ್ಮ ತುತ್ತು ಕೈಯಲ್ಲೇ ಹಿಡಿದು, "ಪುಸ್ತಕದಲ್ಲಿ ಏನೇನೋ ಬರೀತಾರೆ. ಊಟ ಮಾಡಿ" ಅಂದಳು.

ಮರುದಿನ ಬೆಳಿಗ್ಗೆ ಅತ್ತಿಗೆ ಮಗಳ ಕೈಗೆ ಒಂದು ಹಳೆಯ ಡಬ್ಬಿ ಕೊಟ್ಟು ಬಚ್ಚಲಿಗೆ ಕಳಿಸಿದಳು. "ಛೀ, ಅಮ್ಮಾ!" ಅಂದಳು ಹುಡುಗಿ. ಅಮ್ಮನ ಮುಖ ನೋಡಿ ಸುಮ್ಮನೆ ಹೋದಳು. ತೊಟ್ಟಿಯ ಕಟ್ಟೆಯ ಮೇಲೆ ಬಿಳಿ ಚಿಂದಿ ಒದ್ದೆ ಮಾಡಿ, ಅತ್ತಿಗೆ ಸೋಡಾ ನೀರು ಸುರಿದಳು. ನಾವೆಲ್ಲ ನೋಡುತ್ತಾ ನಿಂತೆವು. ಮೊದಲು ಹಳದಿ, ಆಮೇಲೆ ಚಹಾದ ಬಣ್ಣ, ಆಮೇಲೆ ಕಪ್ಪು.

"ಸೋಡಾ ಹಳೇದು. ಅದಕ್ಕೇ" ಅಂದಳು ನಮ್ಮಮ್ಮ.

"ಹೊಸ ಪೊಟ್ಟಣ ಒಡೀರಿ ಅತ್ತೆ. ನೀವೇ ಕಲಸಿ, ನೀವೇ ಹಾಕಿ. ನನ್ನ ಕೈ ಸರಿಯಿಲ್ವಲ್ಲ."

ನಮ್ಮಮ್ಮ ಹೊಸ ಪೊಟ್ಟಣ ಒಡೆದಳು, ಹೊಸ ಚಿಂದಿ ತಂದಳು. ಅಷ್ಟರಲ್ಲಿ ಸಾಸಿವೆ, "ಹೋಲಿಸಿ ನೋಡೋಕೆ ಇನ್ನೊಬ್ಬರದೂ ಬೇಕು" ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಏನು ಹೇಳಲಿ, ವಿಜ್ಞಾನಕ್ಕೆ ನನ್ನಿಂದಲೂ ಅಳಿಲು ಸೇವೆ ಆಯಿತು. ನನ್ನ ಚಿಂದಿ ಬಿಳಿಯಾಗಿಯೇ ಉಳಿಯಿತು. ಅವಳದು ಕಪ್ಪಾಯಿತು. ಸೋಡಾ ಒಂದೇ, ನೀರು ಒಂದೇ, ಹಾಕಿದ ಕೈಯೂ ಒಂದೇ. ಆ ಕೈ ನಮ್ಮಮ್ಮನದು.

"ನೋಡಿದ್ರಾ ಅತ್ತೆ?" ಅಂದಳು ಅತ್ತಿಗೆ. ಇಷ್ಟು ವರ್ಷಗಳಲ್ಲಿ ಅವಳ ದನಿ ಅಂಗಳದಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಕಣ್ಣು ಬಿಟ್ಟು ನೋಡಿದ್ರಾ?"

ಸಾಸಿವೆ ಚಪ್ಪಾಳೆ ತಟ್ಟಲು ಎತ್ತಿದ್ದ ಕೈಯನ್ನು ಕೆಳಗಿಳಿಸಿದಳು. "ಅಮ್ಮಾ... ಹಾಗಾದ್ರೆ ನಂಗಿದೆಯಾ ಅದು?"

ಅತ್ತಿಗೆಯ ಗೆಲುವು ಅಲ್ಲಿಗೇ ಉಡುಗಿ ಹೋಯಿತು.

ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು, ಪರೀಕ್ಷೆಗೆ ಕೊಟ್ಟರು, ಕಾದರು. ಫಲಿತಾಂಶದ ದಿನ ಅಣ್ಣ ಅತ್ತಿಗೆ ಇಬ್ಬರೂ ಹೋದರು. ಅಂಗಡಿಗೆ ನಾನು ಕೂತೆ. ಅದೇ ಕಾಯಿಲೆ. ಈಗ ಏನೂ ತೊಂದರೆ ಇಲ್ಲ, ಮೂವತ್ತು ದಾಟಿದ ಮೇಲೆ ಬೆನ್ನು, ಸೊಂಟ, ಮಂಡಿ ಹಿಡಿದುಕೊಳ್ಳಬಹುದು, ವರ್ಷಕ್ಕೊಮ್ಮೆ ಬಂದು ತೋರಿಸಿ, ಭಾರ ಎತ್ತುವ ಕೆಲಸಕ್ಕೆ ಹಾಕಬೇಡಿ ಅಂದರಂತೆ ಡಾಕ್ಟರು. ಇನ್ನೊಂದು ಮಾತನ್ನೂ ಹೇಳಿದರಂತೆ. ಇದು ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಸೇರಿದರೆ ಮಾತ್ರ ಮಗುವಿಗೆ ಬರುವಂಥದ್ದು. ಒಂದೇ ಪಾಲು ಇದ್ದವರಿಗೆ ಏನೂ ಆಗುವುದಿಲ್ಲ, ಇದೆ ಅಂತ ಗೊತ್ತೂ ಆಗುವುದಿಲ್ಲ.

"ನಮ್ಮ ಕಡೆ ಯಾರಿಗೂ ಇಲ್ಲ" ಅಂದಳು ನಮ್ಮಮ್ಮ, ಕೂಡಲೇ. "ಅವಳ ತವರಿಂದ ಬಂದಿರಬೇಕು."

"ಅಜ್ಜೀ, ಎರಡೂ ಕಡೆಯಿಂದ ಬರ್ಬೇಕು ಅಂತ ಈಗ ತಾನೇ ಅಪ್ಪ ಹೇಳಿದ್ದು!"

"ಡಾಕ್ಟರಿಗೆ ನಮ್ಮ ಮನೆತನ ಏನ್ ಗೊತ್ತು?"

ಅತ್ತಿಗೆ ಆಲೂಗೆಡ್ಡೆ ಹೆಚ್ಚುತ್ತಿದ್ದಳು. ಆ ದಿನ ಹೋಳುಗಳು ಒಂದೊಂದೂ ಒಂದೊಂದು ಗಾತ್ರ.

ಆಮೇಲೆ ಸಾಸಿವೆ ನನ್ನ ಪಕ್ಕ ಬಂದು ಕೂತು ಗುಂಡಿ ಡಬ್ಬಿಯಲ್ಲಿ ಕೈಯಾಡಿಸಿದಳು. "ಗುಂಡಿ ಅತ್ತೆ, ನಂಗೆ ಮೂವತ್ತಾದಾಗ ನೀನು ಇರ್ತೀಯ ಅಲ್ವಾ?"

"ಇರ್ದೆ ಎಲ್ಲಿಗೆ ಹಾಳಾಗಿ ಹೋಗ್ಲಿ? ನಿನ್ನ ಬೆನ್ನು ತಿಕ್ಕೋಕೆ ಯಾರಾದ್ರೂ ಬೇಡ್ವಾ?" ಅಂದೆ. ದಾರವನ್ನು ಸೂಜಿಗೆ ಪೋಣಿಸಲು ಹೋದೆ, ಕಣ್ಣು ಮಂಜಾಗಿ ಮೂರು ಸಲ ತಪ್ಪಿತು.

ಹುಡುಗಿ ಎರಡು ದಿನ ಸಪ್ಪಗಿದ್ದಳು. ಮೂರನೇ ದಿನ ಸಿಡಿದಳು. ಮೇಳದಲ್ಲಿ ತನ್ನದೇ ಬಟ್ಟೆ ಇಟ್ಟು, ಎಲ್ಲರ ಮುಂದೆ ಸೋಡಾ ಹಾಕಿ ತೋರಿಸುತ್ತಾಳಂತೆ. ಟೀಚರ್ ಒಪ್ಪಿದ್ದಾರಂತೆ: ಮುಚ್ಚಿದ ಗಾಜಿನ ಬಾಟಲಿ, ಕೈಗವಸು, ಪಕ್ಕದಲ್ಲಿ ವಂಶವೃಕ್ಷದ ಚಿತ್ರ.

"ಆಗಲ್ಲ" ಅಂದ ಅಣ್ಣ.

"ಯಾಕೆ?"

"ಲಾಡ್ಜ್ ಮ್ಯಾನೇಜರ್ ಮಗನೂ ಅದೇ ಸ್ಕೂಲು. ಅವರ ಹಾಸಿಗೆ ಬಟ್ಟೆ, ದಿಂಬಿನ ಚೀಲದ ಮೇಲೇ ಈ ಮನೆ ನಡೀತಿರೋದು. ಒಗೆಯೋರ ಮನೇಲಿ ಕಾಯಿಲೆ ಅಂದ್ರೆ ಮುಗೀತು. ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದಾ?"

"ಅದು ಅಂಟು ರೋಗ ಅಲ್ಲ ಅಪ್ಪಾ."

"ನಂಗೊತ್ತು. ಆ ಹಾಸಿಗೆ ಮೇಲೆ ಮಲಗೋನಿಗೆ ಗೊತ್ತಾ?"

"ಯಾರದೋ ಬಟ್ಟೆ ಅಂತ ಹೇಳು. ಇಲ್ಲಾ ಮಸಿ ಕಲಸಿ ತೋರ್ಸು" ಅಂತ ನಮ್ಮಮ್ಮ ಉಪಾಯ ಕೊಟ್ಟಳು.

"ಅದು ಮೋಸ ಅಜ್ಜಿ. ಅಂಗಡೀಲಿ ಕೂತು ಊರಿಗೆಲ್ಲ ಅಮ್ಮನ ಕೈ ಸರಿಯಿಲ್ಲ ಅಂತ ಹೇಳಿದ್ಯಲ್ಲ, ಅವರೆಲ್ಲ ಮೇಳಕ್ಕೆ ಬರ್ತಾರೆ. ಅವರ ಮುಂದೆ ಹೇಳ್ಬೇಕು ನಾನು, ಈ ಬಟ್ಟೆ ನಂದು ಅಂತ."

ನಮ್ಮಮ್ಮನ ಮುಖ ಕೆಂಪಾಯಿತು. "ನೋಡಿದ್ಯಾ, ಮಗಳಿಗೆ ಹೇಗೆ ಹೇಳಿಕೊಟ್ಟಿದ್ದಾಳೆ!"

"ನಾನು ಹೇಳಿಕೊಡ್ಲಿಲ್ಲ" ಅಂದಳು ಅತ್ತಿಗೆ. "ನಂಗೆ ಹೇಳೋಕೆ ಬಂದಿದ್ರೆ ಇಷ್ಟು ವರ್ಷ ಸುಮ್ಮನಿರ್ತಿದ್ನಾ?" ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನಿಂದ ಎತ್ತಿ ನೆಲದ ಮೇಲಿಟ್ಟಳು. "ಅವಳು ತೋರಿಸೋ ಹಾಗಿಲ್ಲ ಅಂದ್ರೆ ನಾನು ಇನ್ನು ಇದನ್ನ ಮುಟ್ಟಲ್ಲ. ಕೆಟ್ಟ ಕೈ ತಾನೆ, ರಜಾ ಕೊಡ್ತೀನಿ."

ಮಾತಿನ ಮಟ್ಟಿಗೆ ಅಂದಳು ಅಂದುಕೊಂಡೆವು. ಅಲ್ಲ. ಅಡಿಗೆ ಮಾಡಿದಳು, ಪಾತ್ರೆ ತೊಳೆದಳು, ಮಗಳ ತಲೆ ಬಾಚಿದಳು. ಇಸ್ತ್ರಿಯ ಕಡೆ ತಿರುಗಿಯೂ ನೋಡಲಿಲ್ಲ. ಅಂಗಿಗಳು ಗುಡ್ಡೆಯಾದವು. ಅಣ್ಣ ಹಟಕ್ಕೆ ಬಿದ್ದು ತಾನೇ ಒತ್ತಲು ಹೋಗಿ ಬ್ಯಾಂಕಿನವರ ಅಂಗಿಯ ಕಾಲರ್ ಸುಟ್ಟ. ನಾನು ಒತ್ತಿದ ಪ್ಯಾಂಟಿಗೆ ಎರಡೆರಡು ಗೆರೆ ಬಿದ್ದವು. ಗಿರಾಕಿಗಳು ಬಾಗಿಲಲ್ಲಿ ನಿಂತು ಮುಖ ಗಂಟಿಕ್ಕಿದರು. "ಹುಷಾರಿಲ್ಲ" ಅಂತ ಅಣ್ಣ, "ಕರೆಂಟ್ ಇಲ್ಲ" ಅಂತ ನಮ್ಮಮ್ಮ, ಒಂದೇ ಗಿರಾಕಿಗೆ ಒಂದೇ ಉಸಿರಿಗೆ ಎರಡು ಸುಳ್ಳು ಹೇಳಿ ಸಿಕ್ಕಿಬಿದ್ದರು.

ಇಷ್ಟರ ನಡುವೆ ಸಾಸಿವೆ ವಂಶವೃಕ್ಷ ಬರೆಯಲು ಕೂತಳು. ಅಂಗಡಿಯ ನೆಲದ ಮೇಲೆ ದೊಡ್ಡ ಹಾಳೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರು ಪೂರ್ತಿ ಕಪ್ಪು. ಒಂದೇ ಪಾಲು ಹೊತ್ತವರು ಅರ್ಧ ಕಪ್ಪು. ತನ್ನ ವೃತ್ತವನ್ನು ಪೂರ್ತಿ ತುಂಬಿದಳು. ಅಮ್ಮನ ವೃತ್ತ ಅರ್ಧ. ಅಪ್ಪನ ಚೌಕ ಅರ್ಧ.

"ಇವನಿಗ್ಯಾಕೆ ಬಳಿದೆ?" ನಮ್ಮಮ್ಮ ಬಗ್ಗಿ ನೋಡಿದಳು. "ಅವನು ನನ್ನ ಮಗ. ಗಟ್ಟಿಮುಟ್ಟಾಗಿದ್ದಾನೆ."

"ಗಟ್ಟಿಯಾಗೇ ಇರ್ತಾರೆ ಅಜ್ಜಿ. ಅರ್ಧ ಇದ್ರೆ ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ಮೇಲೆ ಕಪ್ಪು ಯಾಕೆ?"

ಸಾಸಿವೆ ಶಾಲೆಗೆ ಹೋದಾಗ ನಮ್ಮಮ್ಮ ರಬ್ಬರ್ ತಗೊಂಡು ಮಗನ ಚೌಕವನ್ನು ಉಜ್ಜಿ ಬಿಳಿ ಮಾಡಿದಳು. ನಾನು ನೋಡಿದೆ, "ಅಮ್ಮಾ, ಬೇಡ" ಅಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಹುಡುಗಿ ಬಂದು ಮತ್ತೆ ಬಳಿದಳು. ಮರುದಿನ ಇವಳು ಮತ್ತೆ ಉಜ್ಜಿದಳು. ಕಲೆ ತೆಗೆಯುವುದರಲ್ಲಿ ಎತ್ತಿದ ಕೈ ತಾನೆ ನಮ್ಮಮ್ಮನದು, ಬಿಡುತ್ತಾಳೆಯೇ? ಆದರೆ ಕಾಗದ ಬಟ್ಟೆಯಲ್ಲ. ಮೂರನೇ ಸಲಕ್ಕೆ ತೂತು ಬಿತ್ತು.

ಸಾಸಿವೆ ಕೂಗಾಡಲಿಲ್ಲ. ಹಾಳೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅದೇ ಹೊತ್ತಿಗೆ ಅಣ್ಣ ಗಾಡಿ ನಿಲ್ಲಿಸಿ ಒಳಗೆ ಬಂದ.

"ಏನಿದು ತೂತು? ಯಾರಿದು?"

"ನೀನೇ ಅಪ್ಪಾ" ಅಂದಳು ಅವಳು.

ಅಣ್ಣ ಕುಕ್ಕರಗಾಲಲ್ಲಿ ಕೂತು ಹಾಳೆಯನ್ನೇ ನೋಡಿದ. ಮೇಲೆ ತನ್ನ ಅಪ್ಪ ಅಮ್ಮ, ಕೆಳಗೆ ಮಗಳು, ಪಕ್ಕದಲ್ಲಿ ಹೆಂಡತಿಯ ಅರ್ಧ ಕಪ್ಪು ವೃತ್ತ. ತಾನು ಇರಬೇಕಾದ ಕಡೆ ಕೆಳಗಿನ ನೆಲ ಕಾಣುತ್ತಿತ್ತು. ತೂತಿನೊಳಗೆ ಬೆರಳು ತೂರಿಸಿ ತೆಗೆದ.

"ಅಮ್ಮಾ, ನೀನು ಮಾಡಿದ್ದಾ?"

"ನಿನ್ನ ಮೇಲೆ ಮಾತು ಬರಬಾರ್ದು ಅಂತ ಮಾಡಿದೆ ಕಣೋ."

"ನನ್ನ ಮೇಲೆ ಬರಬಾರ್ದು. ಅವಳೊಬ್ಬಳ ಮೇಲೆ ಬರಬಹುದು. ಮಗಳು ಇಬ್ಬರದೂ ಅಲ್ವಾ?" ಅಂದ. ಅವನ ದನಿ ಏರಲಿಲ್ಲ. ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು. ಮಗಳ ಕಡೆ ತಿರುಗಿ, "ಹೊಸ ಹಾಳೆ ತಗೊಂಡು ಬಾ. ನನ್ನ ಚೌಕ ನಾನೇ ಬಳೀತೀನಿ" ಅಂದ. ಬಳಿದ, ಗೆರೆ ದಾಟದ ಹಾಗೆ, ನಾಲಿಗೆ ಕಚ್ಚಿಕೊಂಡು.

ಅಜ್ಜ ಅಜ್ಜಿಯ ಸಾಲನ್ನು ಸಾಸಿವೆ ಖಾಲಿ ಬಿಟ್ಟು ಪ್ರಶ್ನೆ ಚಿಹ್ನೆ ಹಾಕಿದಳು, ಎರಡೂ ಕಡೆ. ಯಾರಿಂದ ಬಂತೋ ಗೊತ್ತಿಲ್ಲವಲ್ಲ.

ಮರುದಿನ ಅಣ್ಣ ಒಗೆದ ಹಾಸಿಗೆ ಬಟ್ಟೆಗಳನ್ನು ಗಾಡಿಗೆ ಹೇರುತ್ತಾ ಅತ್ತಿಗೆಗೆ ಹೇಳಿದ: "ಇನ್ನೊಬ್ಬರ ಬಾಯಿಂದ ಕೇಳೋಕೆ ಮೊದಲು ಮ್ಯಾನೇಜರಿಗೆ ನಾನೇ ಹೇಳಿಬಿಡ್ತೀನಿ."

"ಲಾಡ್ಜಿನ ಕೆಲಸ ಹೋದ್ರೆ?"

"ಹೋದ್ರೆ ಹೋಗುತ್ತೆ."

ಹೋಯಿತು. ಮಧ್ಯಾಹ್ನ ಗಾಡಿ ಖಾಲಿ ಬಂತು. ಮ್ಯಾನೇಜರು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ, ಚಹಾ ಕೊಟ್ಟರಂತೆ, ಪಾಪ ಮಗು ಅಂದರಂತೆ. ಸದ್ಯಕ್ಕೆ ಬೇರೆ ಕಡೆ ಕೊಡುತ್ತೇವೆ, ಗೆಸ್ಟುಗಳು ಕೇಳುತ್ತಾರೆ ನೋಡಿ, ಅಂದರಂತೆ. ಚಹಾ ಕೊಟ್ಟ ಲೋಟವನ್ನು ಆಮೇಲೆ ಏನು ಮಾಡಿದರೋ ದೇವರೇ ಬಲ್ಲ.

"ಆಯ್ತಾ? ಸಮಾಧಾನ ಆಯ್ತಾ ಎಲ್ಲರಿಗೂ?" ನಮ್ಮಮ್ಮ ಹಣೆ ಚಚ್ಚಿಕೊಂಡಳು. "ಕಷ್ಟಪಟ್ಟು ಕಟ್ಟಿದ್ದನ್ನ ಒಂದು ಚಿಂದಿ ಬಟ್ಟೆಗೋಸ್ಕರ ನೀರಿಗೆ ಹಾಕಿದ್ರಿ!"

ಅತ್ತಿಗೆ ನೆಲದ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟು, ಧೂಳು ಒರೆಸಿ, ಗುಡ್ಡೆಯ ಮೇಲಿನ ಮೊದಲ ಅಂಗಿಯನ್ನು ಕೊಡವಿದಳು. ಅಂಗಿ ಮುಗಿಸಿ ಇನ್ನೊಂದು ತೆಗೆದುಕೊಂಡಳು.

ಮೇಳದ ದಿನ ಶಾಲೆಯ ಹಾಲ್‌ನಲ್ಲಿ ಗದ್ದಲವೋ ಗದ್ದಲ. ನಮ್ಮಮ್ಮ ಬರುವುದಿಲ್ಲ ಅಂದಿದ್ದಳು. ಹೊರಟಾಗ ನೋಡಿದರೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಹಾಲ್‌ನಲ್ಲಿ ಗೋಡೆಗೆ ಅಂಟಿಕೊಂಡು ದೂರದಲ್ಲೇ ನಿಂತಳು.

ಸಾಸಿವೆಯ ಮೇಜಿನ ಮುಂದೆ ಜನ ಸೇರಿದರು. ಬ್ಯಾಂಕಿನವರು, ಔಷಧಿ ಅಂಗಡಿಯಾಕೆ, ಮಗನ ಹೆಗಲ ಮೇಲೆ ಕೈಯಿಟ್ಟ ಲಾಡ್ಜ್ ಮ್ಯಾನೇಜರು. ಎಲ್ಲರೂ ನಮ್ಮ ಗಿರಾಕಿಗಳು, ಇಲ್ಲವೇ ಒಂದು ಕಾಲದ ಗಿರಾಕಿಗಳು. ಅವಳು ಕೈಗವಸು ಹಾಕಿ, ಎರಡು ಗಾಜಿನ ಬಾಟಲಿಗಳಲ್ಲಿದ್ದ ಬಿಳಿ ಬಟ್ಟೆಗಳ ಮೇಲೆ ಸೋಡಾ ನೀರು ಬಿಟ್ಟು ಮುಚ್ಚಳ ಹಾಕಿದಳು. ಒಂದು ಬಿಳಿಯಾಗಿಯೇ ಇತ್ತು. ಇನ್ನೊಂದು ಕಪ್ಪಾಗುತ್ತಾ ಹೋಯಿತು. ಜನ ಅಯ್ಯೋ ಅಂದರು.

"ಈ ಬಟ್ಟೆ ನಂದು" ಅಂದಳು ಸಾಸಿವೆ. "ಈ ಕಾಯಿಲೆ ನಂಗಿದೆ. ಇದು ಅಂಟಲ್ಲ. ನಾನು ಕೂಸಾಗಿದ್ದಾಗ ನಮ್ಮಮ್ಮ ನನ್ನ ಬಟ್ಟೆ ಒಗೆದ್ರೆ ಹೀಗೇ ಆಗ್ತಿತ್ತು. ಒಗೆದೋರ ತಪ್ಪು ಇದರಲ್ಲಿ ಏನೂ ಇಲ್ಲ."

ಅತ್ತಿಗೆ ನನ್ನ ಮೊಣಕೈ ಹಿಡಿದಿದ್ದಳು. ಆ ಹಿಡಿತದ ಗುರುತು ಎರಡು ದಿನ ಇತ್ತು. ಮ್ಯಾನೇಜರು ಮಗನನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಮುಂದಿನ ಮೇಜಿಗೆ ಹೋದರು. ಅಣ್ಣ ಅದನ್ನು ನೋಡಿದ, ನೋಡಿಯೂ ಕದಲಲಿಲ್ಲ.

ತೀರ್ಪುಗಾರರಾಗಿ ಬಂದಿದ್ದ ಕನ್ನಡಕದವರು ವಂಶವೃಕ್ಷವನ್ನು ನೋಡಿ, "ಅಪ್ಪ ಅಮ್ಮ ಸರಿ. ಮೇಲಿನ ಸಾಲು ಯಾಕೆ ಖಾಲಿ?" ಅಂತ ಕೇಳಿದರು.

"ಅಪ್ಪನಿಗೆ ಅಜ್ಜನಿಂದ ಬಂತೋ ಅಜ್ಜಿಯಿಂದ ಬಂತೋ ಗೊತ್ತಿಲ್ಲ ಸರ್. ಅಜ್ಜ ಈಗಿಲ್ಲ."

ಆಗ ಜನರನ್ನು ಸರಿಸಿಕೊಂಡು ನಮ್ಮಮ್ಮ ಮುಂದೆ ಬಂದಳು. ಮೇಜಿನ ಮೇಲಿದ್ದ ಕಪ್ಪು ಪೆನ್ನು ಎತ್ತಿಕೊಂಡಳು.

"ನನ್ನಿಂದ್ಲೇ ಬಂತು ಅಂತ ಬರ್ಕೊಳ್ಳಿ" ಅಂದಳು. "ಸತ್ತೋರ ಮೇಲೆ ಯಾಕೆ ಹಾಕ್ತೀರಿ, ಅವರು ಬಂದು ಉತ್ತರ ಕೊಡ್ತಾರಾ? ಯಾವುದಮ್ಮಾ ನನ್ನ ವೃತ್ತ? ನಾನೇ ಬಳೀತೀನಿ."

"ಅಜ್ಜೀ, ಹಾಗೆ..." ಅಂತ ಸಾಸಿವೆ ತಡವರಿಸಿದಳು.

ಪೆನ್ನು ಹಾಳೆಯ ಹತ್ತಿರ ಹೋಗಿತ್ತು. ಅತ್ತಿಗೆ ನನ್ನ ಮೊಣಕೈ ಬಿಟ್ಟು, ಮುಂದೆ ಹೋಗಿ ಅತ್ತೆಯ ಮಣಿಕಟ್ಟು ಹಿಡಿದಳು. ಬಿಳಿ ಬಟ್ಟೆ ಮುಟ್ಟಬಾರದ ಕೈ ಅದು.

"ಬೇಡ ಅತ್ತೆ. ಗೊತ್ತಿಲ್ದೆ ಯಾರ ಮೇಲೂ ಹಾಕೋದು ಬೇಡ. ನಿಮ್ಮ ಮೇಲೂ ಬೇಡ. ಅದನ್ನ ಹೊತ್ಕೊಂಡು ಓಡಾಡೋದು ಹೇಗಿರುತ್ತೆ ಅಂತ ನಂಗೊತ್ತು."

ನಮ್ಮಮ್ಮ ಪೆನ್ನಿಗೆ ಮುಚ್ಚಳ ಹಾಕಲು ನೋಡಿದಳು, ಅದು ಕೂರಲಿಲ್ಲ. ಅತ್ತಿಗೆ ನೋಡುತ್ತಾ ನಿಂತಿದ್ದಳು, ಹಾಕಿಕೊಡಲಿಲ್ಲ. ಕೊನೆಗೆ ನಮ್ಮಮ್ಮ ಪೆನ್ನನ್ನು ಹಾಗೇ ಮೇಜಿನ ಮೇಲಿಟ್ಟು, ಬಿಳಿ ಸೀರೆಯ ಸೆರಗಿನಿಂದ ಬೆರಳು ಒರೆಸಿಕೊಂಡಳು. ಸೆರಗಿಗೆ ಮಸಿ ಹತ್ತಿತು.

ಮನೆಗೆ ಬಂದ ಮೇಲೆ ಆ ಕಲೆ ಯಾರ ತಪ್ಪು ಅಂತ ಅವತ್ತು ಯಾರೂ ಕೇಳಲಿಲ್ಲ. ಅತ್ತಿಗೆ ಆ ಸೀರೆಯನ್ನು ಇಸಿದುಕೊಂಡು ಬಿಳಿ ಬಟ್ಟೆಯ ತೊಟ್ಟಿಯಲ್ಲಿ ನೆನೆಹಾಕಿದಳು. ನಮ್ಮಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.